ಹತ್ತಕ್ಕೆ ಎಷ್ಟು?

ಹನ್ನೊಂದು ಗಂಟೆಯ ತಿಂಡಿಗೆ ಅಮೆರಿಕದವರು 'ಬ್ರಂಚ್' ಎನ್ನುತ್ತಾರೆ. ಬ್ರೇಕ್‌ಫಾಸ್ಟಿನ ತಲೆಗೆ ಲಂಚಿನ ಬಾಲ ಅಂಟಿಸಿ ಮಾಡಿದ ಹೆಸರು. 1895ರಲ್ಲಿ ಇಂಗ್ಲೆಂಡಿನ ಗೈ ಬೆರಿಂಜರ್ ಎಂಬ ಮಹಾಶಯ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಶನಿವಾರ ರಾತ್ರಿ ತಡವಾಗಿ ಮಲಗುವವರ ಮೇಲೆ ಕರುಣೆಯಿಟ್ಟು, ಭಾನುವಾರ ಇಂಥದೊಂದು ಊಟವಿರಲಿ ಎಂದು ವಾದಿಸಿದ. ಇದನ್ನು ತಿಳಿದಾಗ ನನಗೆ ನಗು ಬಂತು. ನಾವು ಹೆಂಗಸರು ತಲೆತಲಾಂತರದಿಂದ ಮಾಡುತ್ತ ಬಂದದ್ದು ಇದನ್ನೇ ಅಲ್ಲವೇ? ಮಕ್ಕಳನ್ನು ಶಾಲೆಗೆ, ಯಜಮಾನರನ್ನು ಆಫೀಸಿಗೆ ಕಳಿಸಿ, ಮಾವನವರ ಪೂಜೆಗೆ ಅಣಿಮಾಡಿಕೊಟ್ಟು, ಹನ್ನೊಂದು ಗಂಟೆಗೆ ಅಡುಗೆಕಟ್ಟೆಗೆ ಒರಗಿ ನಿಂತು ತಣ್ಣಗಾದ ಎರಡು ದೋಸೆ ತಿನ್ನುತ್ತೇವಲ್ಲ, ಅದು ಬ್ರಂಚ್ ಅಲ್ಲದೆ ಮತ್ತೇನು? ವ್ಯತ್ಯಾಸ ಎರಡೇ. ಅವರು ಕೂತು ತಿನ್ನುತ್ತಾರೆ. ಮತ್ತೆ, ಅವರ ತಟ್ಟೆಯ ಪಕ್ಕದಲ್ಲಿ ಒಂದು ಗ್ಲಾಸು ಇರುತ್ತದೆ.

ಆ ಗ್ಲಾಸಿನ ವಿಚಾರವನ್ನೇ ನಾನೀಗ ಹೇಳಹೊರಟದ್ದು.

ಹೋದ ವರ್ಷ ನಾನೂ ನನ್ನ ತಂಗಿಯೂ ಹ್ಯೂಸ್ಟನ್ನಿನಲ್ಲಿರುವ ನನ್ನ ಮಗಳ ಮನೆಗೆ ಹೋಗಿದ್ದೆವು. ನವೆಂಬರಿನ ನಾಲ್ಕನೆಯ ಗುರುವಾರ ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ; ವಾರದ ಕೊನೆಯನ್ನೂ ಸೇರಿಸಿದರೆ ನಾಲ್ಕು ದಿನ ರಜೆ. ಮೊಮ್ಮಗನನ್ನು ಅವನ ಅಪ್ಪನಿಗೂ ತಾತನಿಗೂ ಒಪ್ಪಿಸಿ, ನಾವು ಮೂವರು ಹೆಂಗಸರು ಆರು ತಾಸು ಕಾರಿನಲ್ಲಿ ಕೂತು ನ್ಯೂ ಆರ್ಲಿಯನ್ಸ್ ಸೇರಿದೆವು. ಮಿಸಿಸಿಪ್ಪಿ ನದಿ ಕೊಂಕಿ ಹರಿಯುವ ದಂಡೆಯ ಮೇಲಿನ ಊರು. 1718ರಲ್ಲಿ ಫ್ರೆಂಚರು ಕಟ್ಟಿದ್ದು, ಆಮೇಲೆ ಕೆಲವು ಕಾಲ ಸ್ಪೇನಿನವರು ಆಳಿದ್ದು. ಹಳೆಯ ಬೀದಿಗಳಲ್ಲಿ ಕಬ್ಬಿಣದ ಕುಸುರಿ ಕೆಲಸದ ಬಾಲ್ಕನಿಗಳು, ಮೂಲೆಮೂಲೆಯಲ್ಲಿ ತುತ್ತೂರಿಯ ಸದ್ದು.

"ಇಲ್ಲಿಗೆ ಬಂದು ಬ್ರಂಚಿಗೆ ಹೋಗದಿದ್ರೆ ಕಾಶಿಗೆ ಹೋಗಿ ಗಂಗೆಯಲ್ಲಿ ಮುಳುಗದೆ ಬಂದ ಹಾಗಮ್ಮ" ಎಂದಳು ಮಗಳು. ಬ್ರಂಚಿನ ಜೊತೆ ಕೊಡುವ ಕಾಕ್‌ಟೇಲುಗಳನ್ನು ಒಂದೊಂದಾಗಿ ರುಚಿ ನೋಡಿ ಅಂಕ ಕೊಡುವುದು ಅವಳಿಗೂ ಅವಳ ಗೆಳತಿಯರಿಗೂ ಪ್ರವಾಸದ ಒಂದು ಆಟವಂತೆ. ಚೀಲದಿಂದ ಪುಟ್ಟ ಪುಸ್ತಕವೊಂದನ್ನು ತೆಗೆದು ಪೆನ್ನಿನ ಸಮೇತ ನನ್ನ ಕೈಗಿಟ್ಟಳು. "ಇಷ್ಟು ವರ್ಷ ನಿನ್ನ ಅಡುಗೆಗೆ ನಾವೆಲ್ಲ ಮಾರ್ಕ್ಸ್ ಕೊಟ್ಟಿದ್ದಾಯ್ತು. ಈ ಸಲ ನೀನು ಕೊಡು."

ತಮಾಷೆಗೆ ಆಡಿದ ಮಾತು. ಆದರೂ ನನಗೆ ಎಲ್ಲೋ ನಾಟಿತು. ನಿಜವಲ್ಲವೇ? ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿಗೆ ಅಂಕ ಕೊಟ್ಟರು. ಅತ್ತೆ ಸಾರಿಗೆ ಕೊಟ್ಟರು. ನೆಂಟರು ಹಬ್ಬದ ಹೋಳಿಗೆಗೆ ಕೊಟ್ಟರು. "ಇವತ್ತು ಉಪ್ಪು ಒಂಚೂರು ಮುಂದು" ಎಂಬ ತೀರ್ಪು ಕೇಳದ ಹೆಂಗಸು ನಮ್ಮಲ್ಲಿ ಯಾರಿದ್ದಾರೆ? ತಮಾಷೆಯೆಂದರೆ, ನೈವೇದ್ಯಕ್ಕಿಡುವ ಅಡುಗೆಯನ್ನು ನಾವು ರುಚಿ ನೋಡುವ ಹಾಗೂ ಇಲ್ಲ. ಕುದಿಯುವ ವಾಸನೆಯ ಮೇಲೆಯೇ ಉಪ್ಪು ಹುಳಿ ತಿಳಿಯಬೇಕು. ಅಷ್ಟು ಪಳಗಿದ ನಾಲಿಗೆ ಮೂಗುಗಳನ್ನು "ನಿನಗೇನು ಇಷ್ಟ?" ಎಂದು ಕೇಳಿದವರು ಮಾತ್ರ ಕಡಿಮೆ.

ತಂಗಿ ಮೊದಲೇ ಹೇಳಿಬಿಟ್ಟಳು. "ಅಕ್ಕಾ, ನಾನಂತೂ ಮುಟ್ಟೋದಿಲ್ಲ. ನೀನು ಬೇಕಾದ್ರೆ ಕುಡಿ. ಊರಲ್ಲಿ ಯಾರಿಗೂ ಹೇಳೋಲ್ಲ." ಅಂದರೆ ಹೇಳಿಯೇ ಹೇಳುತ್ತಾಳೆ ಎಂದರ್ಥ! ಅದಕ್ಕೇ ನಾನೇ ಮೊದಲು ಬರೆದುಬಿಡುತ್ತಿದ್ದೇನೆ.

ಶುಕ್ರವಾರ ಹೋದ ಜಾಗದಲ್ಲಿ ಮಿಮೋಸಾ. ಶಾಂಪೇನಿಗೆ ಕಿತ್ತಳೆ ರಸ ಬೆರೆಸುತ್ತಾರೆ, ಅಷ್ಟೇ. ಯುರೋಪಿನ ತೋಟಗಳಲ್ಲಿ ಹಳದಿ ಗೊಂಚಲು ಬಿಡುವ, ನಮ್ಮ ಜಾಲಿಯ ನೆಂಟನಾದ ಮಿಮೋಸಾ ಹೂವಿನ ಬಣ್ಣ ಅದಕ್ಕಿರುವುದರಿಂದ ಈ ಹೆಸರು. ಸಸ್ಯಶಾಸ್ತ್ರದವರು ಮಿಮೋಸಾ ಎನ್ನುವುದು ನಮ್ಮ ಮುಟ್ಟಿದರೆ ಮುನಿಗೆ. ನಾನು ಹೀಗೆಂದದ್ದೇ ತಡ, "ನೋಡು, ಹೆಸರಲ್ಲೇ ಇದೆ, ಮುಟ್ಟಬೇಡ ಅಂತ" ಎಂದಳು ತಂಗಿ.

ಆ ಹೋಟೆಲಿನಲ್ಲಿ ಮಿಮೋಸಾ 'ಬಾಟಮ್‌ಲೆಸ್'. ತಳವೇ ಇಲ್ಲದ್ದು, ಒಮ್ಮೆ ದುಡ್ಡು ಕೊಟ್ಟರೆ ಖಾಲಿಯಾದ ಹಾಗೆಲ್ಲ ತುಂಬುತ್ತಾರೆ. ನಮ್ಮ ಹೋಟೆಲುಗಳ ಫುಲ್ ಮೀಲ್ಸಿನಲ್ಲಿ ಸಾಂಬಾರು ಬಡಿಸಿದ ಹಾಗೆ. ಆದರೆ ನಮಗೆ ಬೇಕಾದದ್ದು ಮೂವರಿಗೆ ಒಂದೇ ಗ್ಲಾಸು. ಒಬ್ಬರ ಎಂಜಲು ಒಬ್ಬರು ಕುಡಿಯುವುದು ಹೇಗೆ? ಲೋಟ ಎತ್ತಿ ಕುಡಿಯೋಣವೆಂದರೆ ಉದ್ದ ಕಾಲಿನ ಗಾಜಿನ ಗ್ಲಾಸು, ಸೀರೆಯ ಮೇಲೇ ಅಭಿಷೇಕ. ಕೊನೆಗೆ ನಾನೇ ಬಡಿಸುವ ಹುಡುಗನನ್ನು ಕರೆದು ಎರಡು ಖಾಲಿ ಗ್ಲಾಸು ಕೇಳಿದೆ. ಬೆಂಗಳೂರಿನ 'ಬೈಟು' ಆ ಊರಿಗೂ ಕಾಲಿಟ್ಟಿತು! ತಂಗಿಗೆ ಬರೀ ಕಿತ್ತಳೆ ರಸ.

ಒಂದು ಗುಟುಕು ಬಾಯಲ್ಲಿಟ್ಟುಕೊಂಡೆ. ಹುಳಿ, ಸಿಹಿ, ಮೇಲೆ ಸೋಡಾದ ಚುರುಕು. ಹಿಂದೆ ಒಂದಿಷ್ಟು ಕಹಿ. ಹಣ್ಣಿನ ರಸ ಡಬ್ಬಿಯದೆಂದು ನಾಲಿಗೆ ಹೇಳಿತು. ವಿಚಾರಿಸಿದರೆ ಹೌದಂತೆ. ಹತ್ತಕ್ಕೆ ಐದು ಎಂದು ಬರೆದೆ. "ಐದೇನಾ!" ಎಂದಳು ಮಗಳು. ಹಣ್ಣಿನ ಕಾಲದಲ್ಲಿ ಡಬ್ಬಿಯ ರಸ ಹಾಕಿದವರಿಗೆ ಪಾಸ್ ಮಾರ್ಕ್ಸ್ ಕೊಟ್ಟದ್ದೇ ಹೆಚ್ಚು.

ಶನಿವಾರ ಬೇರೊಂದು ಜಾಗದಲ್ಲಿ ಬ್ಲಡಿ ಮೇರಿ. ಹೆಸರು ಕೇಳಿಯೇ ಎದೆ ಝಲ್ಲೆನ್ನುತ್ತದೆ. ಟೊಮೆಟೊ ರಸ, ವೋಡ್ಕಾ, ನಿಂಬೆ, ಉಪ್ಪು, ಮೆಣಸು, ಜೊತೆಗೆ ಖಾರದ ಸಾಸು. ಮಾಮೂಲಾಗಿ ಹಾಕುವ ಇನ್ನೊಂದು ಕಪ್ಪು ಸಾಸಿನಲ್ಲಿ ಮೀನು ಇರುತ್ತದೆ. ಮಗಳು ಅದು ಬೇಡವೆಂದು ಮೊದಲೇ ಹೇಳಿದಳು. 1920ರ ದಶಕದಲ್ಲಿ ಪ್ಯಾರಿಸ್ಸಿನ ಬಾರೊಂದರಲ್ಲಿದ್ದ ಫೆರ್ನಾಂಡ್ ಪೆಟಿಯೊ ಎಂಬಾತ ಇದನ್ನು ಮಾಡಿದನೆಂದೂ, ಆಮೇಲೆ ನ್ಯೂಯಾರ್ಕಿಗೆ ಬಂದು ಖಾರ ಮಸಾಲೆ ಸೇರಿಸಿದನೆಂದೂ ಹೇಳುತ್ತಾರೆ. ಖಾರಕ್ಕೆ ಇಲ್ಲಿನವರು ಬಳಸುವ ಟಬಾಸ್ಕೋ ಸಾಸು ಇದೇ ಲೂಸಿಯಾನಾ ರಾಜ್ಯದ್ದು, 1868ರಿಂದ ತಯಾರಾಗುತ್ತಿರುವುದು. ಗ್ಲಾಸಿನ ಅಂಚಿಗೆ ಉಪ್ಪಿನಲ್ಲಿ ನೆನೆದ ಒಂದು ಇಡೀ ಬೆಂಡೆಕಾಯಿ ಸಿಕ್ಕಿಸಿದ್ದರು. ನಮ್ಮೂರ ಬೆಂಡೆಕಾಯಿಯನ್ನು ಅಲ್ಲಿ ನೋಡಿ ತವರಿನವರು ಸಿಕ್ಕ ಹಾಗಾಯಿತು.

ಮದ್ಯ ಹಾಕದ ಅದೇ ಪಾನೀಯಕ್ಕೆ ಅಲ್ಲಿ 'ವರ್ಜಿನ್ ಮೇರಿ' ಎಂಬ ಹೆಸರು. ಬಡಿಸುವ ಹುಡುಗಿ ತಂಗಿಯ ಮುಂದೆ ಗ್ಲಾಸಿಟ್ಟು "ವರ್ಜಿನ್ ಯಾರು, ನೀವೇನಾ?" ಎಂದು ಕೇಳಿದಳು. ಎರಡು ಮಕ್ಕಳನ್ನು ಹೆತ್ತು, ಸೊಸೆಯನ್ನೂ ತಂದುಕೊಂಡ ನನ್ನ ತಂಗಿ ಅರವತ್ತರ ವಯಸ್ಸಿನಲ್ಲಿ ತಲೆಯಾಡಿಸಿ ಒಪ್ಪಿಕೊಳ್ಳಬೇಕಾಯಿತು. ನಾವಿಬ್ಬರೂ ನಕ್ಕೂ ನಕ್ಕೂ ಕಣ್ಣಲ್ಲಿ ನೀರು.

ರುಚಿ? ತಣ್ಣಗಾದ ಟೊಮೆಟೊ ಸಾರು. ಇಂಗು ಸಾಸಿವೆಯ ಒಗ್ಗರಣೆಯೊಂದು ಬಿದ್ದಿದ್ದರೆ ಎಲ್ಲಿಗೋ ಹೋಗುತ್ತಿತ್ತು. ನನ್ನದು ಆರು. ತಂಗಿ ತನ್ನದಕ್ಕೆ ಎಂಟು ಕೊಟ್ಟು, "ವೋಡ್ಕಾಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ ಅಂತೀರಿ. ಹಾಗಾದ್ರೆ ಯಾಕೆ ಹಾಕಬೇಕು?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಅದೇ ದಿನ, ಅದೇ ಮೇಜಿಗೆ ಬಂದದ್ದು ಈ ಊರಿನ ಹೆಮ್ಮೆಯ ಮಿಲ್ಕ್ ಪಂಚ್. ಹಾಲು, ಸಕ್ಕರೆ, ವೆನಿಲ್ಲಾ, ಬ್ರಾಂದಿ. ಮೇಲೆ ತುರಿದ ಜಾಯಿಕಾಯಿ. 'ಪಂಚ್' ಎಂಬ ಮಾತೇ ನಮ್ಮ 'ಪಂಚ'ದಿಂದ, ಐದು ಪದಾರ್ಥ ಸೇರಿಸುವುದರಿಂದ ಬಂತೆಂದು ಹೇಳುತ್ತಾರೆ. ಗ್ಲಾಸನ್ನು ಮೂಗಿನ ಹತ್ತಿರ ತಂದೆ ನೋಡಿ, ಒಮ್ಮೆಲೇ ನಮ್ಮ ತಾಯಿಯ ಬಾಣಂತಿ ಕೋಣೆ ಕಣ್ಣ ಮುಂದೆ ಬಂತು. ಮಗು ನಿದ್ದೆ ಮಾಡಲೆಂದು ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇಯ್ದು ಹಾಲಿನಲ್ಲಿ ನೆಕ್ಕಿಸುತ್ತಿದ್ದರಲ್ಲ, ಅದೇ ಘಮ. ಬ್ರಾಂದಿಯೂ ಹೊಸತಲ್ಲ. ಎಷ್ಟೋ ಮನೆಗಳಲ್ಲಿ ಬಾಣಂತಿಗೆ ಥಂಡಿಯಾಗಬಾರದೆಂದು ಚಮಚೆಯಲ್ಲಿ ಬ್ರಾಂದಿ ಕುಡಿಸುತ್ತಿದ್ದರು. ಆಗ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಔಷಧಿಯಾದರೆ ಸರಿ, ಮೈಯಿಗೆ ಬೇಕಾದರೆ ಸರಿ; ಅವಳಿಗೆ ಇಷ್ಟವೆಂದಾದರೆ ಮಾತ್ರ ತಪ್ಪು. ಬ್ರಾಂದಿ ಅದೇ, ಬಾಯಿಯೂ ಅದೇ. ಬದಲಾದದ್ದು ಕಾರಣ. ಮಿಲ್ಕ್ ಪಂಚಿಗೆ ಒಂಬತ್ತು ಕೊಟ್ಟೆ.

ಈ ಊರಿನ ಬೆಳಗಿನ ಊಟದ ಹಿಂದೆ ಹೆಂಗಸರ ಕೈಯೂ ದೊಡ್ಡದು. ಹತ್ತೊಂಬತ್ತನೆಯ ಶತಮಾನದಲ್ಲಿ ಎಲಿಜಬೆತ್ ಬೆಗ್ಯೂ ಎಂಬ ಜರ್ಮನ್ ಮೂಲದ ಹೆಂಗಸು ಫ್ರೆಂಚ್ ಮಾರ್ಕೆಟ್ಟಿನ ಹತ್ತಿರ ಹನ್ನೊಂದು ಗಂಟೆಯ 'ಎರಡನೆಯ ತಿಂಡಿ' ಬಡಿಸುತ್ತಿದ್ದರು. ಬರುತ್ತಿದ್ದವರು ಕತ್ತಲಿರುವಾಗಲೇ ಎದ್ದು ಕೆಲಸ ಮುಗಿಸಿದ ಕಸಾಯಿಗಳು. ಆ ಊಟ ಎಷ್ಟು ಹೆಸರಾಯಿತೆಂದರೆ ದೂರದೂರದ ಪ್ರವಾಸಿಗಳೂ ಸಾಲು ನಿಂತರು. ನಮ್ಮ ಕಾಲಕ್ಕೆ ಬಂದರೆ ಎಲಾ ಬ್ರೆನ್ನನ್. ಹರೆಯದಲ್ಲೇ ಅಣ್ಣನ ಜೊತೆ ಹೋಟೆಲ್ ವ್ಯವಹಾರಕ್ಕಿಳಿದು, ಮುಂದೆ ಕಮಾಂಡರ್ಸ್ ಪ್ಯಾಲೆಸ್ ಎಂಬ ಹೋಟೆಲನ್ನು ದೇಶಕ್ಕೇ ಹೆಸರುವಾಸಿ ಮಾಡಿದ ಈಕೆ 2018ರಲ್ಲಿ ತೀರಿಕೊಂಡರು. ಈಕೆ ಬಾಣಸಿಗರಲ್ಲ. ದೊಡ್ಡ ದೊಡ್ಡ ಬಾಣಸಿಗರು ಮಾಡಿದ್ದನ್ನು ರುಚಿ ನೋಡಿ, ಇದು ಸರಿ, ಇದು ಸಾಲದು ಎನ್ನುವುದೇ ಅವರ ವಿದ್ಯೆ. ಒಬ್ಬ ಹೆಂಗಸಿನ ನಾಲಿಗೆಯ ತೀರ್ಪಿಗೆ ಇಡೀ ಅಡುಗೆಮನೆ ಕಾದು ನಿಲ್ಲುವುದೆಂದರೆ!

ಭಾನುವಾರ ರಾಮೋಸ್ ಜಿನ್ ಫಿಜ್. 1888ರಲ್ಲಿ ಹೆನ್ರಿ ರಾಮೋಸ್ ಇದೇ ಊರಿನಲ್ಲಿ ಶುರುಮಾಡಿದ್ದು. ಜಿನ್, ಹಾಲಿನ ಕೆನೆ, ನಿಂಬೆರಸ, ಸಕ್ಕರೆ, ಕಿತ್ತಳೆ ಹೂವಿನ ನೀರು, ಮೊಟ್ಟೆಯ ಬಿಳಿ, ಮೇಲೆ ಸೋಡಾ. ಕೆನೆಗೆ ನಿಂಬೆಯೇ! ಒಡೆದುಹೋಗುವುದಿಲ್ಲವೇ ಎಂದು ನಾವು ಅಕ್ಕತಂಗಿ ಒಟ್ಟಿಗೇ ಬಾಯಿ ಬಿಟ್ಟೆವು. ಕೆನೆಯಲ್ಲಿ ಕೊಬ್ಬು ಹೆಚ್ಚು, ಗಟ್ಟಿಯಾಗುವ ಪ್ರೋಟೀನು ಕಡಿಮೆ, ಅದಕ್ಕೇ ಒಡೆಯುವುದಿಲ್ಲ. ಹಿಂದೆ ಇದನ್ನು ಹನ್ನೆರಡು ನಿಮಿಷ ಕುಲುಕಬೇಕೆಂಬ ನಿಯಮವಿತ್ತು. ರಾಮೋಸನ ಅಂಗಡಿಯಲ್ಲಿ ಹುಡುಗರು ಸಾಲಾಗಿ ನಿಂತು, ಒಬ್ಬನ ಕೈ ಸೋತರೆ ಇನ್ನೊಬ್ಬನಿಗೆ ದಾಟಿಸುತ್ತಿದ್ದರು. ಮಜ್ಜಿಗೆ ಕಡೆದು ತೋಳು ನೋಯಿಸಿಕೊಂಡ ನಮಗೆ ಇದು ಹೇಳದೆಯೇ ಅರ್ಥವಾಗುತ್ತದೆ. ಮೊಟ್ಟೆಯಿದ್ದದ್ದರಿಂದ ನಾನು ಮುಟ್ಟಲಿಲ್ಲ. ನೈವೇದ್ಯದ ಲೆಕ್ಕದಲ್ಲಿ ಮೂಗಿನಿಂದಲೇ ಅಂಕ ಕೊಟ್ಟೆ. ಸೋಡಾದಿಂದ ಗ್ಲಾಸಿನ ಮೇಲಕ್ಕೆ ಬೆಳ್ಳಗೆ ಎದ್ದುನಿಂತ ನೊರೆ, ಮಲ್ಲಿಗೆಯ ತಂಗಿಯಂಥ ಕಿತ್ತಳೆ ಹೂವಿನ ಕಂಪು. ಏಳು. ಕುಡಿದ ಮಗಳೂ ಏಳೇ ಕೊಟ್ಟಳು!

ಅಲ್ಲಿ ಪಕ್ಕದ ಮೇಜಿನಲ್ಲಿ ನಾಲ್ವರು ಮುದುಕಿಯರು ಹೂವಿನ ಟೋಪಿ ಹಾಕಿಕೊಂಡು ಕೂತಿದ್ದರು. ಬಡಿಸುವವನು ಮತ್ತೆ ತುಂಬಲು ಬಂದಾಗ ಒಬ್ಬಾಕೆ ಮಾತು ನಿಲ್ಲಿಸದೆಯೇ ಗ್ಲಾಸಿನ ಮೇಲೆ ಅಂಗೈ ಅಡ್ಡ ಇಟ್ಟರು. ಮದುವೆಮನೆಯಲ್ಲಿ ಪಾಯಸದವನು ಬಂದಾಗ ನಾವು ಎಲೆಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ಸಾಕು ಎಂದರೆ ಸಾಕು. ಅವನು ತಲೆಬಾಗಿ ಹೋದ.

ಆಗ ನನಗೆ ನೆನಪಾದದ್ದು ಊರಿನಲ್ಲಿ ನಮ್ಮ ಮನೆಗೆಲಸಕ್ಕೆ ಬರುವಾಕೆ. ಆಕೆಯ ಗಂಡ ಕುಡಿಯುತ್ತಾನೆ. ಅವನ ಗ್ಲಾಸಿಗೆ ಆಕೆ ಸಾಕು ಎನ್ನತೊಡಗಿ ಇಪ್ಪತ್ತು ವರ್ಷವಾಯಿತು. ಅವನಿಗೆ ಕೇಳಿಸಿಲ್ಲ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಾಗ ಆಕೆ ನಮಗೆಲ್ಲ ಸಕ್ಕರೆ ಹಂಚಿದ್ದಳು. ಆಮೇಲೆ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂತು. ಅಮೆರಿಕದ ಹೆಂಗಸರೂ ಇದೇ ಸಂಕಟಕ್ಕೆ ಒಂದು ಕಾಲದಲ್ಲಿ ಬೀದಿಗಿಳಿದವರೇ. 1874ರಲ್ಲೇ ಮದ್ಯದ ವಿರುದ್ಧ ದೊಡ್ಡ ಸಂಘ ಕಟ್ಟಿದರು. 1920ರಿಂದ 1933ರವರೆಗೆ ದೇಶದಲ್ಲೇ ಪಾನನಿಷೇಧವಿತ್ತು. ಗಂಡನ ಸಂಬಳ ಬಾರಿನ ಬಾಗಿಲು ದಾಟಿ ಮನೆಗೆ ಬರಲಿ ಎಂದು ಅತ್ತವರ ಮರಿಮಕ್ಕಳೇ ಇರಬೇಕು ಈ ಹೂವಿನ ಟೋಪಿಯವರು.

ಹಾಗಾದರೆ ನಾನು ಬಿಸಿಲಲ್ಲಿ ಕೂತು ಅಂಕ ಕೊಟ್ಟದ್ದು ಸರಿಯೇ? ಅಲ್ಲೇ ಕೂತು ಯೋಚಿಸಿದೆ. ಗ್ಲಾಸಿನಲ್ಲಿರುವುದು ಕೆಟ್ಟದ್ದೋ ಒಳ್ಳೆಯದೋ ಎಂಬ ವಾದ ಮುಗಿಯುವಂಥದಲ್ಲ. ಮೈಯಿಗೆ ಒಳ್ಳೆಯದೆಂದು ನಾನಂತೂ ಹೇಳುವವಳಲ್ಲ. ಆದರೆ ಬೇಕು ಎನ್ನುವುದು, ಬೇಡ ಎನ್ನುವುದು, ಸಾಕು ಎನ್ನುವುದು — ಈ ಮೂರು ಮಾತು ಯಾರ ಬಾಯಲ್ಲಿವೆ ಎಂಬುದು ದೊಡ್ಡದು. ನನ್ನ ತಂಗಿ ಬೇಡ ಎಂದಳು, ನಡೆಯಿತು. ನಾನು ಒಂದು ಗುಟುಕಿಗೆ ಸಾಕು ಎಂದೆ, ನಡೆಯಿತು. ನಮ್ಮ ಮನೆಗೆಲಸದಾಕೆಯ ಸಾಕು ನಡೆಯುವುದಿಲ್ಲ. ಆಕೆ ದುಡಿದ ದುಡ್ಡು, ಅವನ ಗ್ಲಾಸು. ಅನ್ಯಾಯವಿರುವುದು ಅಲ್ಲಿ.

ಸಂಜೆ ಹೊರಡುವ ಮೊದಲು ಕಾಫೆ ಡು ಮಾಂಡ್ ಎಂಬಲ್ಲಿ ಕಾಫಿ ಕುಡಿದೆವು. 1862ರಿಂದ ನಡೆದಿರುವ ಅಂಗಡಿ. ಚಿಕೋರಿ ಬೆರೆಸಿದ ಕಾಫಿಗೆ ಅರ್ಧಕ್ಕರ್ಧ ಬಿಸಿ ಹಾಲು. ಮೂರು ದಿನವೂ ಮುಖ ಸಿಂಡರಿಸಿದ್ದ ತಂಗಿ ಪುಸ್ತಕ ಕಿತ್ತುಕೊಂಡು ತಾನೇ ಹತ್ತು ಬರೆದಳು. ಬರೆದು, ಕೆಳಗೆ ಗೆರೆಯನ್ನೂ ಎಳೆದಳು.

ಆ ಪುಸ್ತಕ ಈಗ ನಮ್ಮ ಅಡುಗೆಮನೆಯ ಕಪಾಟಿನಲ್ಲಿದೆ. ಹಾಳೆ ಇನ್ನೂ ಬೇಕಾದಷ್ಟಿವೆ. ಯಾತ್ರೆಯ ದಾರಿಯ ಹೋಟೆಲಿನ ಕಾಫಿ, ರಾಮನವಮಿಯ ಪಾನಕ, ನೆಂಟರ ಮನೆಯ ಪುನರ್ಪುಳಿ ಶರಬತ್ತು, ಎಲ್ಲಕ್ಕೂ ಅಂಕ ಬೀಳುತ್ತಿವೆ. ಮೊನ್ನೆ ಮನೆಗೆಲಸದಾಕೆಗೆ ಕಾಫಿ ಕೊಟ್ಟು "ಹತ್ತಕ್ಕೆ ಎಷ್ಟು ಕೊಡ್ತೀಯೆ?" ಎಂದು ಕೇಳಿದೆ. ಆಕೆ ಗುಟುಕರಿಸಿ, ಒಂದು ಗಳಿಗೆ ಯೋಚಿಸಿ, "ಎಂಟು ಅಮ್ಮಾ. ಸಕ್ಕರೆ ಸಾಲದು" ಎಂದಳು.

ಸಕ್ಕರೆ ಡಬ್ಬಿ ತೆಗೆದು ಆಕೆಯ ಮುಂದಿಟ್ಟೆ.