ಗಂಟು ಕರಗದಿದ್ದರೆ

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಮಗುವಿನ ಕುತ್ತಿಗೆಯಲ್ಲಿ ಗಂಟು, ಸಂಜೆಯಾದರೆ ಜ್ವರ ಅಂದರೆ ಡಾಕ್ಟರಿಗಿಂತ ಮೊದಲು ಓಣಿಯವರೇ ಹೇಳಿಬಿಡುತ್ತಾರೆ: "ಟಿ.ಬಿ. ಇರಬೇಕ ನೋಡ್ರಿ." ಅದು ದಡ್ಡತನವೇನಲ್ಲ. ಟಿ.ಬಿ. ನಮ್ಮಲ್ಲಿ ಅಷ್ಟು ಸಾಮಾನ್ಯ. ಶ್ವಾಸಕೋಶಕ್ಕಷ್ಟೇ ಅಲ್ಲ, ಕುತ್ತಿಗೆಯ ಗ್ರಂಥಿಗಳಿಗೂ ಬರುತ್ತದೆ, ಗುಳಿಗೆ ನುಂಗಿದರೆ ವಾಸಿಯೂ ಆಗುತ್ತದೆ.

ನನ್ನ ಅಕ್ಕನ ಮಗನಿಗೆ ಆಗ ಒಂಬತ್ತು ವರ್ಷ. ಸಿಂದಗಿ ತಾಲೂಕಿನ ಹಳ್ಳಿ. ಗಂಟು ಕಡ್ಲಿಕಾಳಿನಷ್ಟಿತ್ತು. ಡಾಕ್ಟರು ಕೈಯಿಂದ ಮುಟ್ಟಿ ನೋಡಿ, ಒಂದು ಎಕ್ಸ್‌ರೇ ತೆಗೆಸಿ, ಆರು ತಿಂಗಳ ಟಿ.ಬಿ. ಕೋರ್ಸ್ ಶುರು ಮಾಡಿದರು. ನಡುವೆ ಜ್ವರ ಇಳಿಯಿತು, ಮನೆಮಂದಿಗೆಲ್ಲ ಸಮಾಧಾನ. ಆಮೇಲೆ ಮತ್ತೆ ಬಂತು. ನಾಲ್ಕನೇ ತಿಂಗಳಿಗೆ ಗಂಟು ಲಿಂಬಿಕಾಯಿಯಷ್ಟಾಗಿತ್ತು, ಹುಡುಗನ ಚಡ್ಡಿ ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ. ಅಕ್ಕ ಕೇಳಿದಾಗಲೆಲ್ಲ ಒಂದೇ ಉತ್ತರ: "ಕೋರ್ಸ್ ಮುಗೀಲಿ ತಾಯಿ." ಕೊನೆಗೆ ಅವಳೇ ಹಟ ಹಿಡಿದು ವಿಜಯಪುರದ ಬಸ್ ಹತ್ತಿಸಿದಳು. ಅಲ್ಲಿ ಗಂಟು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಹೆಸರು ಹಾಡ್ಗಿನ್ ಲಿಂಫೋಮಾ. ಕ್ಯಾನ್ಸರ್.

ಈ ಗೊಂದಲ ಹಳೆಯದು. ಥಾಮಸ್ ಹಾಡ್ಗಿನ್ ಈ ರೋಗದ ಬಗ್ಗೆ ಬರೆದದ್ದು 1832ರಲ್ಲಿ. 1898ರಲ್ಲೂ ಕಾರ್ಲ್ ಸ್ಟರ್ನ್‌ಬರ್ಗ್ ಇದನ್ನು ಟಿ.ಬಿ.ಯ ಒಂದು ಬಗೆ ಅಂತಲೇ ತಿಳಿದಿದ್ದ. 1902ರಲ್ಲಿ ಡೊರೊಥಿ ರೀಡ್ ಎಂಬ ವೈದ್ಯೆ ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಟಿ.ಬಿ. ಅಲ್ಲ, ಬೇರೆಯದೇ ರೋಗ ಅಂದಳು. ಜ್ವರ, ರಾತ್ರಿ ಬೆವರು, ತೂಕ ಇಳಿಯೋದು ಎರಡರಲ್ಲೂ ಇರುತ್ತವೆ. ಕೈ ಬೆರಳಿಗೆ ವ್ಯತ್ಯಾಸ ಗೊತ್ತಾಗೋದಿಲ್ಲ. ಹಾಡ್ಗಿನ್‌ನಲ್ಲಿ ಕ್ಯಾನ್ಸರ್ ಕೋಶಗಳು ಗಂಟಿನೊಳಗೆ ಅಲ್ಲೊಂದು ಇಲ್ಲೊಂದು ಇರುವುದರಿಂದ ಸೂಜಿ ಚುಚ್ಚಿ ತೆಗೆದ ಹನಿಯಲ್ಲೂ ತಪ್ಪಿಸಿಕೊಳ್ಳಬಹುದು. ಆದ್ದರಿಂದಲೇ ಸಾಧ್ಯವಿದ್ದರೆ ಇಡೀ ಗಂಟನ್ನೇ ತೆಗೆದು ನೋಡುತ್ತಾರೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಫಿಕ್ಸ್ ಹಾಕಿದ ಮೇಲೂ ಅದೇ ಎರರ್ ಬರುತ್ತಿದ್ದರೆ, ಆರು ತಿಂಗಳು ಕಾಯೋಣ ಅನ್ನೋದಿಲ್ಲ. ಮೊದಲು ಅಂದುಕೊಂಡ ಕಾರಣವೇ ಸರಿಯಾ ಅಂತ ಮತ್ತೆ ಟಿಕೆಟ್ ತೆರೆಯುತ್ತೇವೆ. ಊಹೆ ಮಾಡಲಿ, ಬೇಡ ಅನ್ನೋದಿಲ್ಲ. ಆದರೆ ಅದನ್ನು ತಿರುಗಿ ನೋಡಲು ಒಂದು ತಾರೀಖು ಬೇಕಲ್ಲ? ಹಾಗಂತ ನೀವೇ ಗುಳಿಗೆ ನಿಲ್ಲಿಸಬೇಡಿ. ನಿಜವಾದ ಟಿ.ಬಿ. ಗಂಟೂ ಔಷಧದ ನಡುವೆ ಒಮ್ಮೊಮ್ಮೆ ಊದಿಕೊಳ್ಳುತ್ತದೆ. ಕೇಳಿ, ಅಷ್ಟೇ: ಟಿ.ಬಿ. ಕ್ರಿಮಿ ಪರೀಕ್ಷೆಯಲ್ಲಿ ಕಂಡಿದೆಯಾ, ಇಲ್ಲಾ ಅಂದಾಜಾ?

ಬೆಂಗಳೂರಿನ ಕಿದ್ವಾಯಿಯಲ್ಲಿ ಕೀಮೋ ಆಯಿತು. ಮಕ್ಕಳಲ್ಲಿ ಹಾಡ್ಗಿನ್ ಬಹುಪಾಲು ಗುಣವಾಗುವ ಕ್ಯಾನ್ಸರ್. ತಡವಾದರೆ ರೋಗ ಹರಡಿರುತ್ತದೆ, ಔಷಧ ಹೆಚ್ಚು ಬೇಕಾಗುತ್ತದೆ. ನಮ್ಮ ಹುಡುಗ ಅದನ್ನೂ ತಡೆದುಕೊಂಡ. ಈಗ ಹೈಸ್ಕೂಲು.

ಅಕ್ಕ ಓದಿದ್ದು ಏಳನೇ ಇಯತ್ತೆ. ಊರಲ್ಲಿ ಯಾರಾದರೂ ಕೂಸಿನ ಕುತ್ತಿಗೆಯ ಗಂಟು ತೋರಿಸಿದರೆ ಅವಳು ಕೇಳೋದು ಒಂದೇ ಮಾತು: "ತುಂಡ ತಗದು ಪರೀಕ್ಷಾಕ್ಕ ಕಳಿಸ್ಯಾರೇನ?"