ಅಲುಗುವ ದೋಣಿಯಲ್ಲಿ ಅಳೆದ ಕೋನ

ಬೆಳಕಿನ ಪ್ರತಿಫಲನದ ಪಾಠಕ್ಕೆ ನಾನು ಕೊಡುತ್ತಿದ್ದ ಉದಾಹರಣೆಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದುದು ಸೆಕ್ಸ್‌ಟಂಟ್ ಎಂಬ ನಾವಿಕರ ಉಪಕರಣ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಕರಿಹಲಗೆಯ ಮೇಲಿನ ಆ ಚಿತ್ರ ನೆನಪಿರಬಹುದು. ಅದಕ್ಕೆ ಸಂಬಂಧಿಸಿದ, ತರಗತಿಯ ಅವಧಿಯಲ್ಲಿ ಹೇಳಿ ಮುಗಿಸಲಾಗದ ಒಂದು ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಡುಗಡಲಿನಲ್ಲಿ ತಾನೆಲ್ಲಿರುವೆನೆಂದು ತಿಳಿಯಲು ನಾವಿಕನು ಸೂರ್ಯನೋ ನಕ್ಷತ್ರವೋ ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಎಂಬ ಕೋನವನ್ನು ಅಳೆಯಬೇಕು. ಆದರೆ ಹಡಗು ಅಲುಗದೆ ನಿಲ್ಲುವುದಿಲ್ಲ. 1731ರಲ್ಲಿ ಇಂಗ್ಲೆಂಡಿನ ಜಾನ್ ಹ್ಯಾಡ್ಲಿ ಎರಡು ಕನ್ನಡಿಗಳ ಸಹಾಯದಿಂದ ಇದಕ್ಕೆ ಪರಿಹಾರ ತೋರಿಸಿದರು. ಕನ್ನಡಿಗಳ ಮೂಲಕ ಬರುವ ಸೂರ್ಯಬಿಂಬವೂ ನೇರವಾಗಿ ಕಾಣುವ ದಿಗಂತವೂ ಒಂದೇ ನೋಟದಲ್ಲಿ ಕೂಡುತ್ತವೆ. ಕೈ ನಡುಗಿದರೆ ಎರಡೂ ಒಟ್ಟಿಗೆ ನಡುಗುತ್ತವೆ, ಬೇರ್ಪಡುವುದಿಲ್ಲ. ಎರಡು ಸಲ ಪ್ರತಿಫಲಿಸಿದ ಕಿರಣವು ಕನ್ನಡಿಗಳ ನಡುವಿನ ಕೋನದ ಎರಡರಷ್ಟು ತಿರುಗುತ್ತದೆಂಬ ನಿಯಮವೇ ಇದಕ್ಕೆ ಆಧಾರ. ಹ್ಯಾಡ್ಲಿಯವರ ಉಪಕರಣದ ಕಮಾನು ವೃತ್ತದ ಎಂಟನೆಯ ಒಂದು ಭಾಗವಾಗಿತ್ತು. ಮುಂದೆ ಅದು ಆರನೆಯ ಒಂದು ಭಾಗಕ್ಕೆ, ಅಂದರೆ 60 ಡಿಗ್ರಿಗೆ ಬೆಳೆದು, 120 ಡಿಗ್ರಿಯವರೆಗೆ ಅಳೆಯಬಲ್ಲ ಸೆಕ್ಸ್‌ಟಂಟ್ ಆಯಿತು.

ಇನ್ನು ಕಥೆ. ಅಂಟಾರ್ಕ್ಟಿಕ ಯಾತ್ರೆಗೆ ಹೊರಟಿದ್ದ ಶ್ಯಾಕಲ್ಟನ್ನರ ಎಂಡ್ಯೂರೆನ್ಸ್ ಹಡಗು 1915ರಲ್ಲಿ ಹಿಮಗಡ್ಡೆಗಳ ನಡುವೆ ನಜ್ಜುಗುಜ್ಜಾಯಿತು. ಮರುವರ್ಷದ ಏಪ್ರಿಲ್ 24ರಂದು 22 ಮಂದಿಯನ್ನು ಎಲಿಫೆಂಟ್ ದ್ವೀಪದಲ್ಲಿ ಬಿಟ್ಟು, ಆರು ಮಂದಿ ಏಳು ಮೀಟರಿಗಿಂತ ತುಸು ಚಿಕ್ಕದಾದ ದೋಣಿಯಲ್ಲಿ ಸುಮಾರು 1,500 ಕಿಲೋಮೀಟರ್ ದೂರದ ಸೌತ್ ಜಾರ್ಜಿಯಾ ದ್ವೀಪದತ್ತ ಹೊರಟರು. ಅದು ತಪ್ಪಿದರೆ ಮುಂದೆ ಬರಿಯ ಸಾಗರ; ಹಿಂದುಳಿದವರಿಗೂ ಬೇರೆ ಗತಿಯಿರಲಿಲ್ಲ. ಹದಿನಾರು ದಿನಗಳಲ್ಲಿ ಮೋಡ ಸರಿದು ಸೂರ್ಯನನ್ನು ಅಳೆಯಲು ಫ್ರ್ಯಾಂಕ್ ವರ್ಸ್ಲಿಯವರಿಗೆ ಸಿಕ್ಕಿದ್ದು ನಾಲ್ಕೇ ಅವಕಾಶ. ಅಳತೆಯಲ್ಲಿ ಒಂದು ಡಿಗ್ರಿಯ ಅರವತ್ತರಲ್ಲೊಂದು ಭಾಗ ಹೆಚ್ಚುಕಡಿಮೆಯಾದರೂ ಲೆಕ್ಕ ಸುಮಾರು 1.85 ಕಿಲೋಮೀಟರ್ ತಪ್ಪುತ್ತದೆ. ಕನ್ನಡಿಗಳು ಕೈನಡುಕವನ್ನು ನಿಭಾಯಿಸಬಲ್ಲವು; ಅಲೆಗಳ ಹಿಂದೆ ಮರೆಯಾದ ದಿಗಂತವನ್ನು ತೋರಿಸಲಾರವು.

ದ್ವೀಪ ಸಮೀಪಿಸಿದಾಗ ವರ್ಸ್ಲಿಯವರು, ತಮ್ಮ ಲೆಕ್ಕದಲ್ಲಿ ಹತ್ತು ಮೈಲಿಯಷ್ಟು ವ್ಯತ್ಯಾಸವಿರಬಹುದೆಂದು ನಾಯಕನಿಗೆ ನೇರವಾಗಿ ತಿಳಿಸಿದರು. ಜನವಸತಿಯಿದ್ದುದು ದ್ವೀಪದ ಆಚೆಯ ಕರಾವಳಿಯಲ್ಲಿ. ಆದರೂ ದ್ವೀಪವೇ ಕೈತಪ್ಪಿಹೋಗದಿರಲೆಂದು ಅವರು ನಿರ್ಜನವಾದ ಪಶ್ಚಿಮದ ಕಡೆಗೇ ದೋಣಿ ತಿರುಗಿಸಿ, ಮೇ 10ರಂದು ದಡ ಸೇರಿದರು. ಬಳಿಕ ಮೂವರು ಹಿಮಪರ್ವತಗಳನ್ನು ಕಾಲ್ನಡಿಗೆಯಲ್ಲಿ ದಾಟಿ ನೆರವು ತಲುಪಿದರು. ಆಗಸ್ಟ್ 30ರಂದು ಎಲಿಫೆಂಟ್ ದ್ವೀಪದ 22 ಮಂದಿಯನ್ನೂ ಜೀವಂತವಾಗಿ ಕರೆತರಲಾಯಿತು.

ವರ್ಸ್ಲಿಯವರ ನಾಲ್ಕು ಅಳತೆಗಳನ್ನು ಎಲ್ಲರೂ ಕೊಂಡಾಡುತ್ತಾರೆ. ನಾನು ಅವುಗಳೊಡನೆ ಆ ಹತ್ತು ಮೈಲಿಯ ಮಾತನ್ನೂ ಸೇರಿಸುತ್ತೇನೆ. ಉತ್ತರದ ಜೊತೆಗೆ ಅದರ ಅನುಮಾನದ ಪ್ರಮಾಣವನ್ನೂ ಹೇಳಿದ್ದರಿಂದಲೇ ದೋಣಿಗೆ ಸರಿಯಾದ ದಿಕ್ಕು ದೊರೆಯಿತು. ನಿಮ್ಮಲ್ಲಿ ಹಲವರು ಇಂದು ರೋಗಿಗಳಿಗೆ, ಕಟ್ಟಡಗಳಿಗೆ, ಲೆಕ್ಕಪತ್ರಗಳಿಗೆ ಹೊಣೆಗಾರರಾಗಿದ್ದೀರಿ. ಅಳೆದದ್ದನ್ನು ಹೇಳುವಾಗ ಅದು ಎಷ್ಟರಮಟ್ಟಿಗೆ ತಪ್ಪಿರಬಹುದೆಂಬುದನ್ನೂ ಹೇಳಿಬಿಡಿ. ನಿಮ್ಮ ಮಾತನ್ನು ನಂಬಿ ದೋಣಿ ನಡೆಸುವವರಿಗೆ ಅದು ಬೇಕಾಗುತ್ತದೆ.