ಸತ್ತಿದೆಯೋ, ಸುಮ್ಮನಿದೆಯೋ?

ಪುಣೆಯಲ್ಲಿ ಏನು ಕೆಲಸ ಎಂದು ಊರಿನವರು ಕೇಳಿದರೆ ‘ಸರ್ವರ್ ನೋಡಿಕೊಳ್ಳುವುದು’ ಎನ್ನುತ್ತೇನೆ. ಔಷಧ ಅಂಗಡಿಗಳ ಆರ್ಡರ್ ಪಡೆಯುವ ತಂತ್ರಾಂಶವೊಂದು ರಾತ್ರಿ ನಿಂತುಹೋದರೆ ಎದ್ದು ಕೂರಬೇಕಾದ ಐದು ಜನರಲ್ಲಿ ನಾನೂ ಒಬ್ಬ. ನಮ್ಮ ಸರ್ವರ್‌ಗಳಿರುವುದು ಮುಂಬೈನ ಕ್ಲೌಡ್‌ನಲ್ಲಿ, ಮೂರು ಝೋನ್‌ಗಳಲ್ಲಿ ಹಂಚಿಕೊಂಡು. ಝೋನ್ ಎಂದರೆ ಬೇರೆ ಕಟ್ಟಡ, ಬೇರೆ ವಿದ್ಯುತ್ ವ್ಯವಸ್ಥೆ. ಒಂದರ ಬೆಂಕಿ ಇನ್ನೊಂದಕ್ಕೆ ತಾಗದಷ್ಟು ದೂರ, ಮಾಹಿತಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಓಡಾಡುವಷ್ಟು ಹತ್ತಿರ.

ಒಂದು ಝೋನ್ ಕೈಕೊಟ್ಟರೆ ಕೆಲಸ ತಾನಾಗಿಯೇ ಉಳಿದವಕ್ಕೆ ಹೋಗಬೇಕು. ಇದೇ ಫೇಲ್‌ಓವರ್. 10 ಸೆಕೆಂಡಿಗೊಮ್ಮೆ ಪ್ರತಿ ಸರ್ವರನ್ನು ‘ಇದ್ದೀಯಾ?’ ಎಂದು ಕೇಳುವುದು, ಮೂರು ಸಲ ಉತ್ತರ ಬರದಿದ್ದರೆ ಅದಕ್ಕೆ ಗ್ರಾಹಕರನ್ನು ಕಳಿಸದಿರುವುದು. ಇಷ್ಟನ್ನು ಬರೆಯಲು ಒಂದು ಮಧ್ಯಾಹ್ನ ಸಾಕು. ಆದರೆ ಉತ್ತರ ಬಾರದ ಸರ್ವರ್ ಸತ್ತಿದೆಯೋ, ಸುಮ್ಮನಿದೆಯೋ, ಅಥವಾ ನಡುವಿನ ತಂತಿ ಕಡಿದಿದೆಯೋ? ಕೇಳುವವನಿಗೆ ಮೂರೂ ಒಂದೇ ಥರ ಕಾಣುತ್ತವೆ.

ಊರು ಬಿಟ್ಟವರಿಗೆ ಈ ಪ್ರಶ್ನೆ ಹೊಸದಲ್ಲ. ಧಾರವಾಡದಲ್ಲಿರುವ ಅಮ್ಮ ಫೋನ್ ಎತ್ತದಿದ್ದರೆ ನಾವು ತಕ್ಷಣ ರೈಲು ಹತ್ತುವುದಿಲ್ಲ. ಪಕ್ಕದ ಮನೆಗೆ ಫೋನ್ ಮಾಡುತ್ತೇವೆ, ಆಮೇಲೆ ಚಿಕ್ಕಪ್ಪನಿಗೆ. ಕಂಪ್ಯೂಟರುಗಳೂ ಹೀಗೆಯೇ ಮಾಡುತ್ತವೆ: ಮೂರು ಕಡೆ ಸಾಕ್ಷಿಗಳನ್ನಿಟ್ಟು ಇಬ್ಬರ ಮಾತು ಒಂದಾದರೆ ನಂಬುತ್ತವೆ. ಎರಡೇ ಝೋನ್ ಇದ್ದರೆ, ನಡುವಿನ ತಂತಿ ಕಡಿದಾಗ ಎರಡೂ ‘ಸತ್ತಿದ್ದು ನೀನು’ ಎನ್ನುತ್ತವೆ.

ಸಾಕ್ಷಿಗಳಿದ್ದರೂ ಎಲ್ಲವೂ ಸಲೀಸಲ್ಲ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್ ಸಂಸ್ಥೆಯ ಅಮೆರಿಕದ ಪೂರ್ವ ಕರಾವಳಿ ಡೇಟಾ ಸೆಂಟರಿನ ಸಂಪರ್ಕ ಕೇವಲ 43 ಸೆಕೆಂಡು ಕಡಿದಿತ್ತು. ಸ್ವಯಂಚಾಲಿತ ವ್ಯವಸ್ಥೆ ಬಹುಮತ ಪಡೆದೇ ಪಶ್ಚಿಮ ಕರಾವಳಿಯ ಡೇಟಾಬೇಸನ್ನು ಯಜಮಾನನನ್ನಾಗಿ ಮಾಡಿತು. ಅಷ್ಟರಲ್ಲಿ ಪೂರ್ವದಲ್ಲಿ ಬರೆದಿದ್ದ ಕೆಲವು ದಾಖಲೆಗಳು ಪಶ್ಚಿಮಕ್ಕೆ ತಲುಪಿರಲಿಲ್ಲ. ಸಂಪರ್ಕ ಮರಳಿದಾಗ ಎರಡೂ ಕಡೆ, ಇನ್ನೊಂದರಲ್ಲಿಲ್ಲದ ಬರಹ. ಪೂರ್ವದ ಅಪ್ಲಿಕೇಶನ್ ಸರ್ವರ್‌ಗಳು ಪ್ರತಿ ಪ್ರಶ್ನೆಗೂ ಖಂಡ ದಾಟಿ ಹೋಗಬೇಕಾಯಿತು. ಎಲ್ಲ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಯಂತ್ರ ತನಗೆ ಹೇಳಿದ್ದನ್ನೇ ಮಾಡಿತ್ತು. ‘43 ಸೆಕೆಂಡು ಕಾದರೆ ಏನು ನಷ್ಟ?’ ಎಂದು ಅದಕ್ಕೆ ಯಾರೂ ಕಲಿಸಿರಲಿಲ್ಲ.

ನಮ್ಮ ತಂಡದಲ್ಲಿ ಎಲ್ಲವನ್ನೂ ಯಂತ್ರಕ್ಕೇ ಬಿಡೋಣ ಎನ್ನುವವರೂ ಇದ್ದರು, ಏನನ್ನೂ ಬಿಡಬಾರದು ಎನ್ನುವವರೂ ಇದ್ದರು. ನಾನು ಹೇಳಿದ್ದು: ಹಿಂದಕ್ಕೆ ಪಡೆಯಬಹುದಾದ ನಿರ್ಧಾರ ಯಂತ್ರದ್ದು, ಪಡೆಯಲಾಗದ್ದು ಮನುಷ್ಯನದ್ದು. ಅಪ್ಲಿಕೇಶನ್ ಸರ್ವರ್ ತನ್ನಲ್ಲಿ ಏನನ್ನೂ ಇಟ್ಟುಕೊಳ್ಳದಂತೆ ಕಟ್ಟಿದರೆ, ತಪ್ಪಾಗಿ ಬದಲಿಸಿದರೂ ನಷ್ಟ ಕಡಿಮೆ. ಅದು ತಾನಾಗಿಯೇ ಆಗಲಿ. ಡೇಟಾಬೇಸ್ ಬದಲಿಸಲು ಮಾತ್ರ, ಎದ್ದು ಕೂತ ಒಬ್ಬರು ‘ಹೂಂ’ ಎನ್ನಬೇಕು. ಅದಕ್ಕೆ ಕೆಲವು ನಿಮಿಷ ತಡವಾಗುತ್ತದೆ, ಒಬ್ಬರ ನಿದ್ದೆ ಹಾಳಾಗುತ್ತದೆ. ಆದರೆ ಪಡೆದ ಆರ್ಡರ್ ಕಾಣೆಯಾದರೆ ಯಾವುದೋ ಊರಿನ ಅಂಗಡಿಗೆ ಇನ್ಸುಲಿನ್ ತಲುಪುವುದಿಲ್ಲ.

ಇನ್ನೆರಡು ಮಾತು. ‘ಇದ್ದೀಯಾ?’ ಎಂಬ ಪ್ರಶ್ನೆಗೆ ಸರ್ವರ್ ಡೇಟಾಬೇಸನ್ನು ಕೇಳಿ ಉತ್ತರಿಸಬಾರದು. ಹಾಗೆ ಮಾಡಿದರೆ ಡೇಟಾಬೇಸ್ ಕೆಮ್ಮಿದಾಗ ಎಲ್ಲ ಸರ್ವರ್‌ಗಳೂ ಒಟ್ಟಿಗೆ ಸತ್ತಂತೆ ಕಾಣುತ್ತವೆ. ಎರಡನೆಯದು ಲೆಕ್ಕ. ಮೂರರಲ್ಲಿ ಒಂದು ಹೋದರೂ ಉಳಿದೆರಡು ಪೂರ್ತಿ ಭಾರ ಹೊರಬೇಕಾದರೆ ಅಗತ್ಯದ 150% ಸಾಮರ್ಥ್ಯ ಮೊದಲೇ ಸಿದ್ಧವಿರಬೇಕು. ಝೋನ್ ಬಿದ್ದಾಗ ಹೊಸ ಸರ್ವರ್ ಕೇಳಲು ಹೋದರೆ, ಅದೇ ಕ್ಷಣ ಎಲ್ಲರೂ ಅದನ್ನೇ ಕೇಳುತ್ತಿರುತ್ತಾರೆ.

ಈಗ ತಿಂಗಳಿಗೊಮ್ಮೆ, ಊಟದ ನಂತರ, ನಾವೇ ಒಂದು ಝೋನಿನ ಸಂಪರ್ಕ ತೆಗೆದು ನೋಡುತ್ತೇವೆ. ಸ್ವಿಚ್ ಒತ್ತುವುದು ತಂಡದ ಅತಿ ಕಿರಿಯರ ಕೆಲಸ. ನಡುರಾತ್ರಿ ಒಬ್ಬರೇ ‘ಹೂಂ’ ಎನ್ನಬೇಕಾದಾಗ ಅವರ ಕೈ ನಡುಗಬಾರದಲ್ಲ.